ದೋಬಿ ಪುಸ್ತಕದ ಹಿಂದಿನ ಪುಟಗಳು

ಗುದೈಬಿಯಾದ ಈ ಗಲ್ಲಿಯಲ್ಲಿ ನನ್ನ ಮೇಜು ಬಾಗಿಲಿಗೇ ತಾಗಿದೆ.
ಹದಿನಾಲ್ಕು ವರ್ಷದಿಂದ ಈ ರಸ್ತೆಯನ್ನು ಕಂಡದ್ದು
ಕತ್ತೆತ್ತಿ ಅಲ್ಲ, ಇಸ್ತ್ರಿಯ ಹಬೆಯೊಳಗಿಂದ:
ಚಕ್ರ, ಚಪ್ಪಲಿ, ಮೀನಿನ ಕೈಗಾಡಿ,
ಮಧ್ಯಾಹ್ನ ಎರಡಕ್ಕೆ ಶಾಲೆ ಬಸ್ಸಿನ ಕೊನೆಯ ಮೆಟ್ಟಿಲು.

ದೊಡ್ಡ ರಸ್ತೆಯ ಸಿಗ್ನಲ್ ತಪ್ಪಿಸಲು ಕಲಿತವರಿಗೆ
ನಮ್ಮ ಗಲ್ಲಿ ತೂತು ಬಿದ್ದ ಜೇಬು.
ಈ ಕಡೆ ಹೊಕ್ಕರು, ಆ ಕಡೆ ಉದುರಿದರು.

ಫೆಬ್ರವರಿಯಲ್ಲಿ ಒಂದು ಬಿಳಿ ಪಿಕಪ್,
ಮೆಲ್ವಿಟಾಳ ಮಗ ರೋವನ್‌ನ ಎಡಗಾಲು.
ಬ್ರೇಕಿನ ಸದ್ದಿಗೆ ಪೆಟ್ಟಿಗೆಯನ್ನು ಇಟ್ಟಲ್ಲೇ ಮರೆತು ಓಡಿದೆ.
ವಾಪಸು ಬಂದಾಗ ಒಂದು ತೋಬಿನ ಬೆನ್ನಿನಲ್ಲಿ
ಕಂದು ಬಣ್ಣದ ದೋಣಿ ಅಚ್ಚಾಗಿತ್ತು.

ಅದು ಉಮ್ ಜಾಸಿಮ್ ಅವರ ಮಗನದು.
ಬೈಯಲಿ ಎಂದು ತಲೆ ತಗ್ಗಿಸಿ ನಿಂತೆ.
ಅವರು ಆ ಸುಟ್ಟ ಬಟ್ಟೆಯನ್ನೇ ಕಂಕುಳಲ್ಲಿ ಇಟ್ಟುಕೊಂಡು
ಬಲದಿಯಾಕ್ಕೆ ಹೋಗಿ, ಕೌಂಟರಿನ ಮೇಲೆ ಹರವಿ,
“ನಮ್ಮ ಗಲ್ಲಿಯ ವೇಗ ಇದು, ನೋಡಿ” ಎಂದರಂತೆ.

ಬಂದಳು ಇಂಜಿನಿಯರ್ ಶೈಮಾ,
ಹೆಲ್ಮೆಟ್ಟನ್ನು ಬುಟ್ಟಿಯಂತೆ ಮೊಣಕೈಗೆ ಸಿಕ್ಕಿಸಿ.
“ಗಂಟೆಗೆ ಎಷ್ಟು ಕಾರು?”
ಎಲ್ಲರೂ ಒಂದೇ ಬಾಯಲ್ಲಿ: “ತುಂಬಾ!”
“ತುಂಬಾ ಅನ್ನುವ ಅಂಕಿ ನನ್ನ ಫಾರಮ್ಮಿನಲ್ಲಿ ಇಲ್ಲ.
ಎಣಿಸುವ ಯಂತ್ರ ಬರಲು ಮೂರು ತಿಂಗಳು.”

ಎಣಿಸುವುದೇ ತಾನೆ ನನ್ನ ಕಸುಬು?
ಮುಂದಿನ ಪುಟದಲ್ಲಿ ಅಂಗಿ ಒಂಬತ್ತು, ಪ್ಯಾಂಟು ನಾಲ್ಕು,
ಹಿಂದಿನ ಪುಟದಲ್ಲಿ ನಾಲ್ಕು ಗೆರೆ, ಅಡ್ಡಕ್ಕೆ ಒಂದು.
ಆರರಿಂದ ಏಳು, ಇನ್ನೂರ ಹನ್ನೆರಡು.
ಒಮ್ಮೆ ಕೈತಪ್ಪಿ ಲತೀಫ್ ಸಾಹೇಬರ ಬಿಲ್ಲಿಗೆ
ಮೂವತ್ತೊಂದು ಕಾರು ಸೇರಿಹೋದವು.
ರಾತ್ರಿಯ ಲೆಕ್ಕ ಬೇಕರಿಯ ಕುಂಞಿಮೋನುವಿನದು;
ಅವನ ಪುಟಗಳ ತುಂಬ ಹಿಟ್ಟಿನ ಬೆರಳಚ್ಚು.

ಹನ್ನೊಂದನೆಯ ದಿನ ಅರ್ಜಿ.
‘ನಿವಾಸಿಯ ಹೆಸರು’ ಎಂಬಲ್ಲಿ ನನ್ನ ಪೆನ್ನು ನಿಂತಿತು.
ವೀಸಾಕ್ಕೆ, ಬಾಡಿಗೆಗೆ, ಊರಿಗೆ ಕಳಿಸುವ ಹಣಕ್ಕೆ
ಸಹಿ ಹಾಕಿದ್ದೇನೆ, ಬೇಕಾದಷ್ಟು.
ಒಂದು ರಸ್ತೆಯ ಪರವಾಗಿ, ಇಲ್ಲಿ, ನಾನು?
“ಬರಿ,” ಎಂದರು ಉಮ್ ಜಾಸಿಮ್,
“ನಮಗಿಂತ ಮೊದಲು ಬಾಗಿಲು ತೆಗೆಯುವವನು ನೀನು.”
ಗಡಿಬಿಡಿಯಲ್ಲಿ ಕನ್ನಡದಲ್ಲೇ ಬರೆದುಬಿಟ್ಟೆ.
ಶೈಮಾ ಹೊಡೆದುಹಾಕಲಿಲ್ಲ. ಕೆಳಗೆ ಅರಬಿಯಲ್ಲಿ ಬರೆದುಕೊಂಡಳು,
ಎರಡು ಸಲ ನನ್ನಿಂದ ಹೇಳಿಸಿ.

ಆ ಪಿಕಪ್ಪಿನ ಹುಡುಗನೂ ಬಂದ. ಶೊಫಿಕುಲ್ ಎಂದು ಹೆಸರು.
ನೀರಿನ ಕ್ಯಾನು ತಡವಾದರೆ ಸಂಬಳ ಕಡಿತವಂತೆ.
ಮೆಲ್ವಿಟಾ ಅವನ ಮುಖ ನೋಡಲಿಲ್ಲ.
ಆದರೆ ಪೆನ್ನನ್ನು ಅವನ ಕಡೆಗೆ ಸರಿಸಿದಳು.

ರಮದಾನ್ ಮುಗಿದ ಮೇಲೆ ಉಬ್ಬು ಬಂತು,
ಬೇಕಾದ ಜಾಗದಲ್ಲಿ ಅಲ್ಲ.
ಕೆಳಗೆ ನೀರಿನ ಪೈಪು ಇದೆಯಂತೆ, ಹನ್ನೆರಡು ಹೆಜ್ಜೆ ಆಚೆ.
ಮೆಲ್ವಿಟಾ ಜಗಳಕ್ಕೆ ನಿಂತಳು. ಶೈಮಾ ಪೈಪಿನ ನಕಾಶೆ ಬಿಡಿಸಿದಳು.
ಇಬ್ಬರೂ ಬಿಸಿಲಿನಲ್ಲಿ, ನನ್ನ ಮೇಜಿನ ಮೇಲೆ, ಒಂದು ಗಂಟೆ.
ಕೊನೆಗೆ ರೋವನ್ನೇ ಊರುಗೋಲು ಎತ್ತಿ ತೋರಿಸಿ ಹೇಳಿದ:
“ಉಬ್ಬು ಬರಲ್ಲ ಅಂದ್ರೆ, ಬಸ್ಸೇ ಅಲ್ಲಿಗೆ ಬರ್ಲಿ.”
ಶಾಲೆಗೆ ಎರಡು ಕಾಗದ ಬೇಕಾಯಿತು, ಅಷ್ಟೆ.

ಈಗ ಪ್ರತಿ ಕಾರಿಗೂ ಎರಡು ದಡ್.
ಯಾರೂ ಕೇಳದಿದ್ದರೂ ಎಣಿಸುತ್ತೇನೆ,
ಆರರಿಂದ ಏಳು, ಎಪ್ಪತ್ತರ ಆಸುಪಾಸು.

ಆ ತೋಬ್ ಮಾತ್ರ ಹಿಂದಕ್ಕೆ ಬರಲಿಲ್ಲ.
ಬಲದಿಯಾದ ಯಾವುದೋ ಕಪಾಟಿನಲ್ಲಿ, ಫೈಲಿನ ಜೊತೆ,
ಹೇಗೋ ತುರುಕಿ ಇಟ್ಟಿರುತ್ತಾರೆ.
ಅದೊಂದೇ ಕಸಿವಿಸಿ ನನಗೆ:
ಮಡಿಸಿರುವುದಿಲ್ಲ.